ಎರಡೂ ಮನೆಯ ನೀರು

ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಹೆಂಡತಿ, ಇನ್ನೊಂದು ತುದಿಯಲ್ಲಿ ತಾಯಿ, ನಡುವೆ ಮಾಸ್ಕ್ ಹಾಕಿಕೊಂಡ ಸರ್ವೇಯರ್. ಅರ್ಧ ಗಂಟೆಯಲ್ಲಿ ಅವನು ಮೂರು ಸಲ ಮೂತ್ರಕ್ಕೆ ಎದ್ದು ಹೋಗಿ ಬಂದಿದ್ದ, ಎರಡು ಬಾಟಲಿ ನೀರು ಖಾಲಿ ಮಾಡಿದ್ದ. ಆದರೂ ಬಾಯಿ ಒಣಗುತ್ತಲೇ ಇತ್ತು. ರಕ್ತದ ಕ್ಯಾನ್ಸರಿಗೆಂದು ತಂಗಿಯ ಸ್ಟೆಮ್ ಸೆಲ್ ತೆಗೆದು ಅವನ ಮೈಗೆ ಹಾಕಿ ನಾಲ್ಕು ತಿಂಗಳಾಗಿತ್ತು. ಚೆನ್ನಾಗಿಯೇ ಇದ್ದ. ಹದಿನೈದು ದಿನದಿಂದ ಊಟ ಕಂಡರೆ ವಾಕರಿಕೆ, ಕೂತಲ್ಲಿ ಕೂರಲಾರದ ಚಡಪಡಿಕೆ. ಹಾಕಿದ ಸೆಲ್ ಕೈಕೊಟ್ಟಿತೇ, ಹಳೇ ರೋಗವೇ ತಿರುಗಿ ಬಂತೇ ಎಂಬ ಪ್ರಶ್ನೆ ಮೂವರ ಹೊಟ್ಟೆಯಲ್ಲೂ ಇತ್ತು. ಬಾಯಿಗೆ ಯಾರೂ ತಂದಿರಲಿಲ್ಲ.

“ಇನ್ನೆಷ್ಟು ಹೊತ್ತಂತೆ, ಕೇಳು ಅವಳನ್ನ,” ಎಂದರು ತಾಯಿ, ಮಗನಿಗೆ.

“ಕರೀತಾರಂತೆ, ಹೇಳಿ ಅವರಿಗೆ,” ಎಂದಳು ಹೆಂಡತಿ, ಗಂಡನಿಗೆ.

ಅವನು ಮಾತು ದಾಟಿಸಬೇಕಾದ ಅಗತ್ಯವೇ ಇರಲಿಲ್ಲ. ಇಬ್ಬರ ಕಿವಿಯೂ ಚುರುಕಾಗಿಯೇ ಇತ್ತು. ಅತ್ತೆ-ಸೊಸೆ ಮಾತು ಬಿಟ್ಟು ಮೂರು ತಿಂಗಳು. ಕಾರಣ, ಕಿಟಕಿಯ ಪರದೆ. ಬಿಸಿಲು ತಾಗಿದರೆ ಹೊಸ ಸೆಲ್‌ಗಳು ಅವನ ಚರ್ಮದ ಮೇಲೇ ತಿರುಗಿ ಬೀಳಬಹುದು ಎಂದು ಡಾಕ್ಟರು ಎಚ್ಚರಿಸಿದ್ದರಿಂದ ಸೊಸೆ ಪರದೆ ಎಳೆಯುತ್ತಿದ್ದಳು. ಇಪ್ಪತ್ತು ವರ್ಷ ಬಿಸಿಲಲ್ಲೇ ಜಮೀನು ಅಳೆದ ಮಗ ಕತ್ತಲಲ್ಲಿ ಬಿಳುಚಿಕೊಂಡನಲ್ಲ ಎಂಬ ಸಂಕಟಕ್ಕೆ ಅತ್ತೆ ಅದನ್ನು ಸರಿಸುತ್ತಿದ್ದರು. ಎಳೆದೂ ಸರಿಸಿಯೂ ಒಂದು ದಿನ ಪರದೆಯ ಕೊಕ್ಕೆಯ ಜೊತೆಗೆ ಮಾತೂ ಕಿತ್ತುಹೋಯಿತು. ಬಿಸಿಲಿನ ಬದಲಿಗೆ, ಮೂಳೆ ಟೊಳ್ಳಾಗದಿರಲೆಂದು ಡಾಕ್ಟರು ವಿಟಮಿನ್ ಡಿ ಬರೆದಿದ್ದರು: ವಾರಕ್ಕೊಂದೇ ಕ್ಯಾಪ್ಸೂಲ್, ಜೊತೆಗೆ ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆ. ದೊಡ್ಡ ಔಷಧಿಗಳನ್ನೆಲ್ಲ ಅವನೇ ಗಡಿಯಾರ ನೋಡಿ ನುಂಗುತ್ತಿದ್ದ. ಇವೆರಡು ಮಾತ್ರ ಮನೆಯವರ ಪಾಲಿಗೆ ಬಂದಿದ್ದವು.

ಒಳಗೆ ಡಾಕ್ಟರಮ್ಮ ರಿಪೋರ್ಟನ್ನು ಎರಡು ಸಲ ಓದಿದರು. “ತಂಗಿ ಕೊಟ್ಟಿದ್ದು ಗಟ್ಟಿಯಾಗಿ ಕೂತಿದೆ. ರೋಗ ತಿರುಗಿ ಬಂದಿಲ್ಲ.” ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಅತ್ತೇಬಿಟ್ಟಳು. “ಇರಮ್ಮ, ಪೂರ್ತಿ ಕೇಳು. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿದೆ. ಹೀಗೇ ಬಿಟ್ಟರೆ ಕಿಡ್ನಿ ಹೋಗುತ್ತೆ. ವಿಟಮಿನ್ ಡಿ ಅಂತೂ ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಇದೆ. ಕ್ಯಾಪ್ಸೂಲ್ ವಾರಕ್ಕೊಂದೇ ತಾನೇ?”

“ಒಂದೇ ಮೇಡಂ. ಭಾನುವಾರ ತಿಂಡಿ ಆದ್ಮೇಲೆ ನಾನೇ ಕೈಯಾರೆ ಕೊಡ್ತೀನಿ.”

“ಗುರುವಾರ,” ಎಂದರು ತಾಯಿ.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇವಳಿಗೆ ಮರೆವು ಜಾಸ್ತಿ. ಒಲೆ ಮೇಲೆ ಹಾಲಿಟ್ಟು ಮರೆಯೋಳು ಮಾತ್ರೆ ನೆನಪಿಟ್ಕೊಳ್ತಾಳಾ? ಅದಕ್ಕೇ ಚೀಟಿ ತೋರಿಸಿ ನಾನೇ ಬೇರೆ ತಂದಿಟ್ಟಿದ್ದೆ. ಆ ಬಿಳೀ ಮಾತ್ರೆನೂ ಅಷ್ಟೇ, ದಿನಾ ಮಲಗೋ ಮುಂಚೆ...” ಅಷ್ಟರಲ್ಲಿ ತಾವು ಹೇಳುತ್ತಿರುವುದು ಅವರ ಕಿವಿಗೇ ಬಿತ್ತು.

“ಅಯ್ಯೋ, ಅದನ್ನ ನಾನು ಬೆಳಿಗ್ಗೆ ಕೊಡ್ತೀನಲ್ಲ,” ಎಂದಳು ಹೆಂಡತಿ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಮೂವರಿಗೂ ಗೊತ್ತಿತ್ತು. ಅದು ವಿಟಮಿನ್ನಿಗೂ ಸಲ್ಲುತ್ತದೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಡಾಕ್ಟರಮ್ಮ ಸರ್ವೇಯರ್ ಕಡೆ ತಿರುಗಿದರು. “ಅವರಿಗೆ ಗೊತ್ತಿರಲಿಲ್ಲ, ಸರಿ. ನುಂಗಿದವರು ನೀವು. ನಿಮಗೆ ಗೊತ್ತಿತ್ತಲ್ಲ?”

ಅವನು ಖಾಲಿ ಬಾಟಲಿಯ ಮುಚ್ಚಳವನ್ನು ತಿರುಗಿಸಿದ, ಬಿಚ್ಚಿದ, ಮತ್ತೆ ತಿರುಗಿಸಿದ. “ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ ಮೇಡಂ. ಗಡಿ ಜಗಳಕ್ಕೆ ಅಳೆಯೋಕೆ ಹೋದ್ರೆ ಎರಡೂ ಕಡೆಯವರ ಮನೇಲೂ ನೀರು ಕುಡೀಬೇಕು. ಒಬ್ಬರ ಮನೇಲಿ ಮಾತ್ರ ಕುಡಿದ್ರೆ, ಗಡಿಕಲ್ಲನ್ನ ಅವರಿಗೆ ಅನುಕೂಲ ಆಗೋ ಹಾಗೆ ನೆಟ್ಟ ಅಂತಾರೆ. ಇವಳದ್ದು ಸಾಕು ಅಂದ್ರೆ ಅಮ್ಮ ಅಳ್ತಾರೆ. ಅಮ್ಮಂದು ಸಾಕು ಅಂದ್ರೆ ಇವಳು ಊಟ ಬಿಡ್ತಾಳೆ. ಶಕ್ತಿ ಮಾತ್ರೆ ತಾನೇ, ಹೆಚ್ಚಾದ್ರೆ ಏನು ಮಹಾ ಅಂತ...”

“ಅಲ್ಲಿ ನೀವು ಅಳೆಯೋರು,” ಎಂದರು ಡಾಕ್ಟರಮ್ಮ. “ಇಲ್ಲಿ ನೀವೇ ಜಮೀನು.”

ಎರಡೂ ಮಾತ್ರೆ ಬಂದ್, ದಿನಕ್ಕೆ ಮೂರು ಲೀಟರ್ ನೀರು, ಮೂರನೇ ದಿನಕ್ಕೆ ಮತ್ತೆ ರಕ್ತಪರೀಕ್ಷೆ ಎಂದು ಅವರು ಬರೆದುಕೊಟ್ಟರು. “ಮಟ್ಟ ಇಳಿದ ಮೇಲೆ ಮತ್ತೆ ಶುರು ಮಾಡ್ಬೇಕಾಗುತ್ತೆ. ಆಗ ಕೊಡೋರು ಒಬ್ಬರೇ ಇರ್ಬೇಕು. ಯಾರು?”

“ಅವಳೇ ಕೊಡಲಿ, ಹೇಳು,” ಎಂದರು ತಾಯಿ.

“ಅತ್ತೇನೇ ಕೊಡಲಿ, ಹೇಳಿ,” ಎಂದಳು ಹೆಂಡತಿ.

ಇಬ್ಬರೂ ಹೇಳಿದ್ದು ಅವನಿಗೇ. ಡಾಕ್ಟರಮ್ಮ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. “ಇಷ್ಟು ದಿನ ಎರಡೆರಡು. ಇನ್ನು ಮೇಲೆ ಒಂದೂ ಇಲ್ಲ ಅನ್ನೋ ಹಾಗೆ ಮಾಡ್ತೀರಿ ನೀವು.”

ಸಂಜೆಯವರೆಗೆ ಡ್ರಿಪ್ ಹಾಕಿ ಮನೆಗೆ ಕಳಿಸಿದರು. ಅವನು ಹಾಸಿಗೆಯಲ್ಲಿ ಒರಗಿದ್ದೇ ತಡ, ಬಾಗಿಲಲ್ಲಿ ಇಬ್ಬರೂ ಒಟ್ಟಿಗೆ ಕಾಣಿಸಿಕೊಂಡರು. ಇಬ್ಬರ ಕೈಯಲ್ಲೂ ನೀರಿನ ಲೋಟ. ರೂಢಿಯಂತೆ ಅವನ ಎರಡು ಕೈ ಎರಡು ಕಡೆಗೆ ಚಾಚಿದವು. ಅರ್ಧಕ್ಕೇ ನಿಂತವು. ಎರಡನ್ನೂ ಹೊದಿಕೆಯೊಳಗೆ ಎಳೆದುಕೊಂಡ.

“ಮೊದಲು ಇಬ್ಬರೂ ಮಾತಾಡ್ಕೊಂಡು ಬನ್ನಿ, ಯಾರು ಕೊಡೋದು ಅಂತ. ನನ್ನ ಹತ್ರ ಅಲ್ಲ, ಒಬ್ಬರ ಹತ್ರ ಒಬ್ಬರು. ಅಲ್ಲಿತನಕ ನನಗೆ ಬಾಯಾರಿಕೆ ಇಲ್ಲ.”

ಇಬ್ಬರೂ ಹೊರಗೆ ಹೋದರು. ಅಡುಗೆಮನೆಯ ಕಟ್ಟೆಯ ಮೇಲೆ ಲೋಟ ಇಟ್ಟ ಸದ್ದು ಕೇಳಿತು. ಒಂದು, ಆಮೇಲೆ ಇನ್ನೊಂದು. ಅಂಗುಳಿಗೆ ಅಂಟಿದ ನಾಲಿಗೆಯನ್ನು ಬಿಡಿಸಿಕೊಳ್ಳುತ್ತ, ಮೂರನೆಯ ಸದ್ದಿಗಾಗಿ, ಒಬ್ಬರು ಇನ್ನೊಬ್ಬರಿಗೆ ಆಡುವ ಒಂದು ಮಾತಿಗಾಗಿ, ಅವನು ಕಿವಿಗೊಟ್ಟು ಕುಳಿತ.