ಗೋಡೆಯ ಮೇಲಿನ ಮಾರ್ಗೋ

ಹೊಸ ಹ್ಯಾಂಡ್‌ಬಾಲ್ ಕೋಚ್ ಓಡಿಬಂದು ಮೇಲಕ್ಕೆ ನೆಗೆದು, ಚೆಂಡು ಹಿಡಿದ ಎಡಗೈಯನ್ನು ಕಿವಿಯ ಹಿಂದಕ್ಕೆ ಎಳೆದಳು. ಮಗಳನ್ನು ತರಗತಿಗೆ ಬಿಡಲು ಅಮೆರಿಕದ ರೆಂಟನ್‌ ಊರಿನ ಸಮುದಾಯ ಭವನಕ್ಕೆ ಬಂದಿದ್ದ ಸುಕನ್ಯಾ ಬಾಗಿಲಲ್ಲೇ ನಿಂತುಬಿಟ್ಟಳು. ಆ ನೆಗೆತ ಅವಳಿಗೆ ಗೊತ್ತಿತ್ತು. ಮೈಸೂರಿನ ಹಾಸ್ಟೆಲಿನಲ್ಲಿ ಮೂರು ವರ್ಷ ಅವಳ ಮಂಚದ ಪಕ್ಕದ ಗೋಡೆಯ ಮೇಲೆ ಫೋಟೋದಲ್ಲಿದ್ದವಳು ಇವಳೇ, ಫ್ರಾನ್ಸಿನ ಆಟಗಾರ್ತಿ ಮಾರ್ಗೋ ದೆಲ್ವಾಲ್. ಫ್ರಾನ್ಸಿನಲ್ಲಿ ಇವಳ ಹೆಸರು ಕೂಗಲೆಂದೇ ಸ್ಟೇಡಿಯಂ ತುಂಬುತ್ತಿತ್ತಂತೆ. ಇಲ್ಲಿ ಬೆಂಚಿನ ಮೇಲಿದ್ದ ಅಪ್ಪ ಅಮ್ಮಂದಿರು ಫೋನಿನಿಂದ ತಲೆಯನ್ನೂ ಎತ್ತಿರಲಿಲ್ಲ.

"ನಿಸರ್ಗಾ, ಇವ್ರು ಯಾರು ಗೊತ್ತೇನೇ? ಕಾಲೇಜಲ್ಲಿ ದಿನಾ ಇವ್ರ ಫೋಟೋ ನೋಡ್ಕೊಂಡೇ ಪ್ರಾಕ್ಟೀಸಿಗೆ ಹೋಗ್ತಿದ್ದೆ."

"ಯು ಪ್ಲೇಡ್, ಅಮ್ಮಾ?" ಮಗಳು ಬೆರಗಾದಳು. ಸುಕನ್ಯಾ ಅದನ್ನು ಯಾರಿಗೂ ಹೇಳಿರಲಿಲ್ಲ. ವಿಶ್ವವಿದ್ಯಾಲಯದ ಫೈನಲ್ಲಿನಲ್ಲಿ ಅವಳ ಕೊನೆಯ ಎಸೆತ ಗೋಲಿನ ಕಂಬಕ್ಕೆ ಬಡಿದು ಹೊರಹೋಗಿತ್ತು. ಆ ಸಂಜೆ ಗಂಟು ಕಟ್ಟಿಟ್ಟ ಆಟವನ್ನು ಅವಳು ಮತ್ತೆ ಬಿಚ್ಚಲೇ ಇಲ್ಲ.

ಮಾರ್ಗೋ ಹತ್ತಿರ ಬಂದಾಗ ಸುಕನ್ಯಾ ಇಂಗ್ಲಿಷಿನಲ್ಲಿ ತಡವರಿಸುತ್ತ ಆ ಫೋಟೋದ ವಿಷಯ ಹೇಳಿದಳು: ಪೇಪರಿನಿಂದ ಕತ್ತರಿಸಿದ್ದು, ನೀಲಿ ಅಂಗಿ, ನೆಲದಿಂದ ಅಷ್ಟೆತ್ತರದಲ್ಲಿ ನೀವು. ಮಾರ್ಗೋಳ ಮುಖ ಅರಳಿತು. ಈ ಊರಿನಲ್ಲಿ ಅವಳನ್ನು ಯಾರಾದರೂ ಗುರುತಿಸಿದ್ದು ಅದೇ ಮೊದಲು.

"ಅದು ನನ್ನಮ್ಮನ ಅಡುಗೆಮನೆಯಲ್ಲೂ ಇತ್ತು" ಎಂದು ನಕ್ಕಳು. "ಆದರೆ ಆ ಚೆಂಡು ಗೋಲಾಗಲಿಲ್ಲ, ಗೊತ್ತಾ? ಆ ಮ್ಯಾಚೂ ಸೋತೆವು."

ಸುಕನ್ಯಾ ಕಾರಿನ ಕೀಲಿಯನ್ನು ಮಗಳ ಅಂಗೈಯಲ್ಲಿಟ್ಟು, "ಸ್ವಲ್ಪ ಹಿಡ್ಕೋ, ಬಂದೆ" ಎಂದು ಅಂಕಣಕ್ಕೆ ಇಳಿದಳು.