ಸುಟ್ಟ ವಾಸನೆ

ಅಕ್ಷಿತ್ ಪೆಟ್ಟಿಗೆಯ ಟೇಪು ಕಿತ್ತ. ಒಳಗೆ ಕಪ್ಪು ಸ್ಪಂಜಿನ ನಡುವೆ ಗ್ರಾಫಿಕ್ಸ್ ಕಾರ್ಡ್ ಕೂತಿತ್ತು. ಇಟ್ಟಿಗೆಯಷ್ಟು ಭಾರ, ಮೂರು ಫ್ಯಾನು. ಮಹಾಪೆಯ ಕಾಲ್ ಸೆಂಟರಿನಲ್ಲಿ ವರ್ಷವಿಡೀ ದುಡಿದು ಕೊಂಡದ್ದು. ಕಂಪ್ಯೂಟರಿಗೆ ಜೋಡಿಸಿ ಆಟ ಶುರು ಮಾಡಿದ. ಒಂದಿಷ್ಟೂ ತಡವರಿಸದೆ ಓಡಿತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸಂಜೆ ಆನ್‌ಲೈನ್ ಪಂದ್ಯವಿತ್ತು. ತಯಾರಕರು ಇಟ್ಟ ವೇಗಕ್ಕಿಂತ ಹೆಚ್ಚು ಓಡಿಸುವ ಓವರ್‌ಕ್ಲಾಕಿಂಗ್‌ಗೆ ಕೈಹಾಕಿದ.

"ಎಂತದು ಮಗಾ, ಮಿಕ್ಸಿ ತಿರುಗಿದ ಹಾಗೆ ಶಬ್ದ?" ಅಡುಗೆಮನೆಯಿಂದ ತಾಯಿ ಸುಂದರಿ ಕೇಳಿದಳು.

"ಕುಛ್ ನಹೀ ಮಮ್ಮಿ, ಟೆಸ್ಟಿಂಗ್."

ವೇಗವನ್ನು ಇನ್ನಷ್ಟು ಏರಿಸಿದ. ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿಯೂ ಏರಿತು. ಆಗಲೇ ಮೂಗಿಗೆ ಬಡಿದದ್ದು, ಪ್ಲಾಸ್ಟಿಕ್ ಸುಟ್ಟ ವಾಸನೆ. ಸ್ವಿಚ್ ಆರಿಸಿ, ವಯರು ಕಿತ್ತು, ಕಾದ ಕಾರ್ಡನ್ನು ಬನಿಯನ್ನಿನಲ್ಲಿ ಹಿಡಿದು ಹೊರಗೆಳೆದ. ಹೀಗೆ ಓಡಿಸಿ ಸುಟ್ಟರೆ ವಾರಂಟಿಯೂ ಇಲ್ಲ. ಹಿಂದೆ ಮುಂದೆ ತಿರುಗಿಸಿ ಮೂಸಿದ. ಅದರಲ್ಲಿ ವಾಸನೆಯೇ ಇರಲಿಲ್ಲ. ಕೋಣೆಯಲ್ಲಿ ಮಾತ್ರ ಹೆಚ್ಚುತ್ತಲೇ ಇತ್ತು.

ಕಿಟಕಿಯಾಚೆ ಬಗ್ಗಿ ನೋಡಿದ. ಎಂಐಡಿಸಿ ಕೈಗಾರಿಕಾ ಪ್ರದೇಶದ ಶೆಡ್ಡುಗಳ ಮೇಲೆ ಕಪ್ಪು ಹೊಗೆ ದಟ್ಟವಾಗಿ ಏಳುತ್ತಿತ್ತು.

"ಮಮ್ಮಿ, ಮೇರಾ ನಹೀ ಹೈ!" ನಗುತ್ತಾ ಕೂಗಿದ. "ಕಾರ್ಡ್ ಬಚ್ ಗಯಾ, ಸುಟ್ಟದ್ದು ನನ್ನದಲ್ಲ! ಯಾವುದೋ ಕಂಪನಿಗೆ ಬೆಂಕಿ ಬಿದ್ದಿದೆ, ಅಷ್ಟೇ!"

ಸೌಟು ಹಿಡಿದೇ ಬಂದ ಸುಂದರಿ ಹೊಗೆಯ ದಿಕ್ಕು ನೋಡಿದಳು. "ಅದು ಪಪ್ಪನ ಕಂಪನಿಯ ಕಡೆ ಅಲ್ವಾ ಮಗಾ?"

ಅಕ್ಷಿತ್‌ನ ನಗು ಮುಖದಲ್ಲೇ ಒಣಗಿತು. ತಂದೆ ಜಯಶೀಲ ಅಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದರು. ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಲೈನೇ ಸಿಗಲಿಲ್ಲ. ಕೆಳಗೆ ರಸ್ತೆಯಲ್ಲಿ ಬೆಂಕಿ ಆರಿಸುವ ಬಂಬಿನ ಗಾಡಿಗಳು ಗಂಟೆ ಬಾರಿಸುತ್ತಾ ಹೋದವು. ಕಾರ್ಡನ್ನು ಎಲ್ಲಿಟ್ಟನೋ, ಬೈಕಿನ ಕೀ ಹಿಡಿದು ಬಾಗಿಲು ತೆರೆದ. ಅಷ್ಟರಲ್ಲಿ ಸುಂದರಿಯ ಮೊಬೈಲು ರಿಂಗಾಯಿತು.

"ನಾನು ರೋಡಲ್ಲಿದ್ದೇನೆ, ಹೆದರಬೇಡ." ಜಯಶೀಲರು ಕೆಮ್ಮುತ್ತಿದ್ದರು. "ಬೆಂಕಿ ಪಕ್ಕದ ಕಂಪನಿಯಲ್ಲಿ. ಕಿಟಕಿ ಹಾಕಿಕೊಳ್ಳಿ."

ಸುಂದರಿ ಮಗನ ತೋಳು ಹಿಡಿದು ಅಳುತ್ತಾ ನಕ್ಕಳು. "ದೇವರು ದೊಡ್ಡವ ಮಗಾ! ನಮ್ಮದಲ್ಲವಂತೆ, ಪಕ್ಕದ್ದಂತೆ!"

ತೆರೆದ ಬಾಗಿಲಿನಾಚೆ ಎದುರುಮನೆಯ ಪ್ರಫುಲ್ಲಾ ನಿಂತಿದ್ದಳು. ಅವಳ ಗಂಡ ಧರ್ಮಪಾಲ ಆ ಪಕ್ಕದ ಕಂಪನಿಯಲ್ಲೇ ಸೂಪರ್‌ವೈಸರ್. ಕಿವಿಗೆ ಒತ್ತಿಹಿಡಿದ ಫೋನಿನಲ್ಲಿ ರಿಂಗು ಹೋಗುತ್ತಲೇ ಇತ್ತು.

"ಪಕ್ಕದ್ದು ಅಂದ್ರೆ ಯಾವುದು, ಸುಂದರಕ್ಕ?" ಎಂದಳು.