ಮೂರು ದಿಂಬುಗಳ ಅಳತೆ

ಮೂರು ದಿಂಬುಗಳನ್ನು ಕಂಕುಳಲ್ಲಿ ಇರುಕಿಕೊಂಡು, ಕೈಯಲ್ಲೊಂದು ಚೀಲ ಹಿಡಿದು ದರ್ಜಿ ಮತ್ತೆ ಗೇಟು ದಾಟಿ ಒಳಬಂದ.

"ಬಂದ ನೋಡು ನಿನ್ನ ಗಿರಾಕಿ," ಎಂದರು ಯಜಮಾನರು, ಕಚೇರಿಯ ಕಿಟಕಿಯಿಂದ. "ಇವತ್ತೂ ಅಳೆದುಕೊಂಡು ಹೋಗ್ತಾನೆ, ಅಷ್ಟೇ. ಗಾಡಿಗೆ ಅಂಗಿ ಹೊಲಿಯೋ ಹಾಗೆ ಕಾಣ್ತಾನೆ."

ಉದ್ದಣ್ಣ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಹಳೆಯ ಕಾರುಗಳನ್ನು ಮಾರುವ ಆ ಅಂಗಳದಲ್ಲಿ ಮಾರಾಟಗಾರನೂ ಅವನೇ, ಗಾಡಿ ಒರೆಸುವವನೂ ಅವನೇ. ಮೈಯನ್ನು ಮಡಿಸದೆ ಯಾವ ಗಾಡಿಯೊಳಗೂ ನುಗ್ಗಲಾರದ ಎತ್ತರ. ಹೆಸರು ಬಂದದ್ದು ಹಾಗೆ. ದರ್ಜಿಯನ್ನು ನಂಬುವುದೋ ಬಿಡುವುದೋ ಅವನಿಗೆ ತೋಚಿರಲಿಲ್ಲ. ಯಜಮಾನರಿಗೆ ಆ ಗೊಂದಲವಿಲ್ಲ. ಅವರ ಸೂತ್ರ ಒಂದೇ: ಕೊಳ್ಳುವವನು ಮೊದಲು ಸ್ಟೀರಿಂಗ್ ಹಿಡಿಯುತ್ತಾನೆ. ಹಿಡಿಯದವನು ಹೊತ್ತು ಕಳೆಯಲು ಬಂದವನು.

ದರ್ಜಿ ಈವರೆಗೆ ಒಮ್ಮೆಯೂ ಸ್ಟೀರಿಂಗ್ ಮುಟ್ಟಿರಲಿಲ್ಲ.

ಅವನು ನೇರವಾಗಿ ಬೂದು ಬಣ್ಣದ ಕಾರಿನ ಬಳಿ ಹೋಗಿ ಹಿಂದಿನ ಬಾಗಿಲು ತೆರೆದ. ದಿಂಬುಗಳನ್ನು ಸಾಲಾಗಿ ನಿಲ್ಲಿಸಿದ. ಒಂದು ಎತ್ತರ, ಒಂದು ಮಧ್ಯಮ, ಒಂದು ಗಿಡ್ಡ. ಒಂದೊಂದನ್ನೂ ಒಂದೊಂದು ಮಗುವಿನ ಅಳತೆಗೆ ಹೊಲಿದಿದ್ದ.

"ದೊಡ್ಡವಳು ಕಿಟಕಿ ಬಿಟ್ಟುಕೊಡಲ್ಲ," ಎಂದ. "ನಡುವಿನವನು ನಡುವೇನೇ ಕೂರಬೇಕು. ಮುಂದಿನ ರಸ್ತೆ ಕಾಣದಿದ್ರೆ ವಾಂತಿ ಮಾಡ್ಕೋತಾನೆ. ಚಿಕ್ಕವಳು ನಿದ್ದೆ ಬಂದ್ರೆ ಎಡಕ್ಕೇ ವಾಲೋದು, ಅಲ್ಲಿ ಅಣ್ಣನ ಹೆಗಲು ಸಿಗಬೇಕು. ದೂರದ ದಾರಿ ನೋಡಿ. ಒಂದು ಹಗಲು ಪೂರ್ತಿ."

"ಮಕ್ಕಳ ಮೇಲೆ ಪ್ರಾಣ ನಿಮಗೆ."

"ನೀವು ಮುಂದೆ ಕೂತ್ಕೊಳ್ಳಿ. ಸೀಟು ಹಿಂದಕ್ಕೆ ತಳ್ಳಿ, ನಿಮ್ಮ ಕಾಲಿಗೆ ಎಷ್ಟು ಬೇಕೋ ಅಷ್ಟು."

"ನಾನ್ಯಾಕೆ ಸಾರ್? ನೀವೇ ಕೂತ್ಕೊಳ್ಳಿ."

"ಓಡಿಸೋರು ನಾನಲ್ಲ. ಅವರು ನಿಮ್ಮಷ್ಟೇ ಎತ್ತರ."

ಉದ್ದಣ್ಣ ಅವನ ಅಂಗಿಯನ್ನೇ ನೋಡಿದ. ಕಾಲರು ಸವೆದು, ತಿರುವಿ ಹೊಲಿದದ್ದು. ಇವನಿಗೊಬ್ಬ ಡ್ರೈವರು. ಮೈ ಮಡಿಸಿ ಒಳಗೆ ತೂರಿ ಕೂತ.

ದರ್ಜಿ ಟೇಪು ಹಿಡಿದು ಅವನ ಬೆನ್ನ ಹಿಂದೆ ಬಗ್ಗಿದ. "ಚಿಕ್ಕವಳ ಮೊಣಕಾಲಿಗೆ ಒಂದು ಗೇಣು ಇದೆ. ಈ ವರ್ಷಕ್ಕೆ ಸಾಕು. ಆಮೇಲೆ ಎಷ್ಟು ಬೆಳೀತಾಳೋ..." ಟೇಪನ್ನು ಬೆರಳಿಗೆ ಸುತ್ತಿಕೊಂಡ.

ಆಮೇಲೆ ಮುಂದಿನ ಎಡಗಡೆಯ ಸೀಟಿಗೆ ಬಂದ. ಬಿಸಿಲು ತಡೆಯುವ ಹಲಗೆಯನ್ನು ಇಳಿಸಿ, ಏರಿಸಿ, ಮತ್ತೆ ಇಳಿಸಿದ. ಮಕ್ಕಳ ತಾಯಿಗೆ ಕಣ್ಣಿಗೆ ಬಿಸಿಲು ಬಿದ್ದರೆ ತಲೆನೋವಂತೆ.

ಉದ್ದಣ್ಣನಿಗೆ ಆಸೆ ಚಿಗುರಿತು. "ಏಳು ಸೀಟಿನದೂ ಒಂದಿದೆ ಸಾರ್. ಸ್ವಲ್ಪ ಹೆಚ್ಚಾಗುತ್ತೆ, ಆದ್ರೆ ನಾಳೆ ಅಜ್ಜಿ ತಾತ, ನೆಂಟರು ಇಷ್ಟರು..."

"ಬೇಡ. ಐದೇ ಜನ. ಖಾಲಿ ಸೀಟಿದ್ರೆ ಮಕ್ಕಳು ಇದು ಯಾರಿಗೆ ಅಂತ ಕೇಳ್ತಾ ಕೂರ್ತಾರೆ."

ಗಾಡಿಯ ಹಿಂಬದಿಗೆ ಹೋಗಿ ನಿಂತಾಗ ದರ್ಜಿಯ ಮುಖ ಸಪ್ಪಗಾಯಿತು. ಹಿಂದಿನ ಗಾಜಿಗೆ ಕಪ್ಪು ಹಾಳೆ ಅಂಟಿಸಿತ್ತು.

"ಇದನ್ನ ತೆಗೀರಿ."

"ಮಕ್ಕಳಿಗೆ ತಂಪು ಸಾರ್, ಇರಲಿ ಬಿಡಿ."

"ತೆಗೆದರೆ ತಗೋತೀನಿ. ಇಲ್ಲಾಂದ್ರೆ ಇಲ್ಲ."

ಅಷ್ಟು ದಿನ ದನಿ ಏರಿಸದವನು ಹಾಗೆಂದದ್ದಕ್ಕೆ ಉದ್ದಣ್ಣ ಬಿಸಿನೀರು, ಬ್ಲೇಡು ತಂದ. ಗಾಜು ತಿಳಿಯಾಯಿತು. ದರ್ಜಿ ಗೇಟಿನವರೆಗೆ ನಡೆದು ಹೋಗಿ ತಿರುಗಿ ನಿಂತ. ಗಾಜಿನೊಳಗೆ ಎರಡು ದಿಂಬಿನ ತುದಿ ಕಾಣುತ್ತಿತ್ತು, ಗಿಡ್ಡದ್ದು ಕಾಣುತ್ತಿರಲಿಲ್ಲ. ಬಂದು ಅದರಡಿಗೆ ಚಿಕ್ಕವಳಿಗೆಂದು ಚೀಲದಲ್ಲಿ ತಂದಿದ್ದ ಎತ್ತರಿಸುವ ಆಸನವನ್ನು ಇಟ್ಟ. ಮತ್ತೆ ಗೇಟಿಗೆ ಹೋದ. ಕೈ ಅರ್ಧ ಎತ್ತಿದ. ಯಾರಾದರೂ ನೋಡಿದರೇನೋ ಎಂಬಂತೆ ಇಳಿಸಿದ.

ಯಜಮಾನರು ಮೀಸೆಯ ಮರೆಯಲ್ಲೇ ನಕ್ಕರು. "ಸ್ವಂತ ಕಾರನ್ನ ದೂರದಿಂದ ನೋಡೋ ಚಪಲ. ಪಾಪ, ಮೊದಲನೇದಿರಬೇಕು."

"ಇದೇ ಆಗಲಿ," ಎಂದ ದರ್ಜಿ.

"ಯಾರ ಹೆಸರಿಗೆ ಮಾಡಿಸೋಣ?" ಎಂದ ಉದ್ದಣ್ಣ.

"ಮಕ್ಕಳ ತಾಯಿ ಹೆಸರಿಗೆ. ಭಾನುವಾರ ಎಲ್ಲರೂ ಬರ್ತಾರೆ. ದಿಂಬು ಅಲ್ಲೇ ಇರಲಿ."

ಭಾನುವಾರ ಎಲ್ಲರೂ ಬಂದರು. ಚಿಕ್ಕವಳು ದರ್ಜಿಯ ಕುತ್ತಿಗೆಗೆ ಜೋತಿದ್ದಳು, ಉಳಿದಿಬ್ಬರು ಅವನ ಒಂದೊಂದು ಕೈಗೆ. ತಾಯಿ ಪಕ್ಕದಲ್ಲಿ. ಅವರ ಹಿಂದೆ, ಎರಡು ಕೈಯಲ್ಲೂ ಚೀಲ ಹೊತ್ತ ಎತ್ತರದ ಮನುಷ್ಯ. ಉದ್ದಣ್ಣ ಅವನನ್ನು ಸಮಾನದುಃಖಿಯಂತೆ ನೋಡಿ ನಕ್ಕ.

ಬೀಗದ ಕೈಯನ್ನು ದರ್ಜಿಗೆ ಕೊಟ್ಟ. ದರ್ಜಿ ಅದನ್ನು ನೋಡದೆಯೇ ಎತ್ತರದವನಿಗೆ ದಾಟಿಸಿದ. ದಿಂಬುಗಳನ್ನು ಒಂದೊಂದಾಗಿ ಹೊರತೆಗೆದು, ಆ ಜಾಗದಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಬೆಲ್ಟು ಬಿಗಿದ. "ರಸ್ತೆ ನೋಡ್ತಿರು ಮರಿ, ಕೆಳಗೆ ನೋಡ್ಬೇಡ," ಎಂದ ನಡುವಿನವನಿಗೆ.

"ನೋಡಿದ್ರಾ?" ಎಂದ ಉದ್ದಣ್ಣ, ಯಜಮಾನರ ಕಡೆ ತಿರುಗಿ. "ಸ್ಟೀರಿಂಗ್ ಮುಟ್ಟದವನೂ ಕೊಂಡ."

ಯಜಮಾನರು ಕಾರಿನೊಳಗೆ ನೋಡುತ್ತಿದ್ದರು. ಮುಂದೆ ಕೂತ ತಾಯಿ ಎತ್ತರದವನ ಬೆಲ್ಟು ಎಳೆದು ಹಾಕಿ, ಅವನ ಹಣೆಯ ಬೆವರನ್ನು ತನ್ನ ಅಂಗೈಯಿಂದ ಒರೆಸಿದಳು. ಆಮೇಲೆ ಗಾಜು ಇಳಿಸಿ ದರ್ಜಿಗೆ, "ಊರು ಮುಟ್ಟಿದ ಮೇಲೆ ಮಕ್ಕಳ ಕೈಲಿ ಫೋನ್ ಮಾಡಿಸ್ತೀನಿ," ಎಂದಳು.

ಉದ್ದಣ್ಣ ಸೀಟುಗಳನ್ನು ಎಣಿಸಿದ. ಐದೂ ತುಂಬಿದ್ದವು.

ಕಾರು ಬೀದಿಗಿಳಿದು ಹೊರಟಿತು. ಹಿಂದಿನ ಗಾಜಿನಲ್ಲಿ ಮೂರು ಮುಖಗಳು ತಿರುಗಿದವು, ಕಂಕುಳಲ್ಲಿ ದಿಂಬುಗಳನ್ನು ಇರುಕಿಕೊಂಡು ಗೇಟಿನ ಬಳಿ ನಿಂತ ಅಪ್ಪನಿಗೆ ಮೂರೂ, ಅಳತೆ ಮಾಡಿದ್ದಂತೆಯೇ, ಕಂಡವು.